ದನಿ ಸತ್ತ ಗಿಟಾರ್ ಆಂಪ್: ಕೆಟ್ಟಿರುವುದು ಎಲ್ಲಿ ಎಂದು ಹುಡುಕುವ ಬಗೆ

ನನ್ನ ಮೊದಲ ಗಿಟಾರ್ ಆಂಪ್ (ಆಂಪ್ಲಿಫೈಯರ್) ಸೆಕೆಂಡ್ ಹ್ಯಾಂಡ್. 15 ವಾಟ್‌ನ ಪುಟ್ಟ ಪ್ರಾಕ್ಟೀಸ್ ಆಂಪ್, ಎಂಟಿಂಚಿನ ಒಂದೇ ಸ್ಪೀಕರ್. ಒಂದು ಮಳೆಗಾಲ ಕಳೆದ ಮೇಲೆ ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತಿತು, ದನಿ ಮಾತ್ರ ಬರಲಿಲ್ಲ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಹಿಂದಿನ ಮುಚ್ಚಳ ತೆಗೆದು ಒಂದು ನಿಮಿಷ ನೋಡಿ, "ಬೋರ್ಡೇ ಹೋಗಿದೆ, ಇದಕ್ಕೆ ಹಾಕೋ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ" ಅಂದರು. ಹೊಸದಕ್ಕೆ ದುಡ್ಡಿರಲಿಲ್ಲ. ಮನೆಗೆ ತಂದು ಮಂಚದ ಕೆಳಗೆ ತಳ್ಳಿದೆ.

ಆರು ತಿಂಗಳಾದ ಮೇಲೆ ಗೆಳೆಯನೊಬ್ಬ ಬಂದವನು, "ಹೆಡ್‌ಫೋನ್ ಹಾಕಿ ನೋಡಿದೀಯೇನೋ?" ಎಂದು ಕೇಳಿದ. ಹಾಕಿದೆ. ಗಿಟಾರ್ ಸ್ಪಷ್ಟವಾಗಿ ಕೇಳಿಸಿತು! ಅಂದರೆ ಬೋರ್ಡಿಗೆ ಏನೂ ಆಗಿರಲಿಲ್ಲ. ಹೆಡ್‌ಫೋನ್ ಜ್ಯಾಕಿನೊಳಗೆ ಒಂದು ತೆಳು ಲೋಹದ ಪಟ್ಟಿ ಇರುತ್ತದೆ. ಹೆಡ್‌ಫೋನ್ ಚುಚ್ಚಿದಾಗ ಆ ಪಟ್ಟಿ ಪಕ್ಕಕ್ಕೆ ಸರಿದು ಸ್ಪೀಕರಿನ ಸಂಪರ್ಕ ಕಡಿಯುತ್ತದೆ, ತೆಗೆದಾಗ ವಾಪಸ್ ಬಂದು ಕೂರುತ್ತದೆ. ಮಳೆಗಾಲದ ತೇವಕ್ಕೆ ಅದರ ಮೇಲೆ ಕಿಲುಬು ಕಟ್ಟಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಸಿಂಪಡಿಸಿ, ಪಿನ್ನನ್ನು ಇಪ್ಪತ್ತು ಸಲ ಒಳಗೆ ಹೊರಗೆ ಆಡಿಸಿದೆವು. ಸ್ಪೀಕರ್ ಮಾತಾಡಿತು.

ಹೊಸ ಭಾಗ ಒಂದೂ ಬೇಕಾಗಲಿಲ್ಲ. ಬೇಕಾಗಿದ್ದದ್ದು ಒಂದು ಪ್ರಶ್ನೆ: ಸದ್ದು ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿಂದಾಚೆಗೆ ಇಲ್ಲ? ಆವತ್ತಿನಿಂದ ನನ್ನವು, ಗೆಳೆಯರವು, ರಸಮಂಜರಿ ತಂಡದವರವು ಎಂದು ಅದೆಷ್ಟೋ ಆಂಪ್‌ಗಳನ್ನು ಬಿಚ್ಚಿದ್ದೇನೆ. ಬಿಡಿಭಾಗ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಯಾವುದನ್ನು ಎಂದು ಹುಡುಕುವುದೇ ನಿಜವಾದ ರಿಪೇರಿ, ಮತ್ತು ಆ ಹುಡುಕಾಟಕ್ಕೆ ದುಡ್ಡು ಬೇಡ.

ಮೊದಲು ಜೀವ

ಸ್ಕ್ರೂ ಬಿಚ್ಚುವ ಮೊದಲು ನಿಮ್ಮ ಆಂಪ್ ಯಾವ ಬಗೆಯದು ಎಂದು ಗೊತ್ತಿರಬೇಕು. ಹಿಂದಿನ ಜಾಲರಿಯಲ್ಲಿ ಇಣುಕಿದರೆ ಗಾಜಿನ ವಾಲ್ವ್‌ಗಳು ಕೆಂಪಗೆ ಹೊಳೆಯುತ್ತಿದ್ದರೆ ಅದು ವಾಲ್ವ್ ಆಂಪ್. ಅದರೊಳಗೆ ಸಾಮಾನ್ಯವಾಗಿ 300ರಿಂದ 450 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದುಕೊಂಡು, ಮುಟ್ಟಿದವರ ಜೀವ ತೆಗೆಯಬಲ್ಲದು. ಈ ಲೇಖನವನ್ನು ನಂಬಿಕೊಂಡು ವಾಲ್ವ್ ಆಂಪ್‌ನ ಒಳಗೆ ಕೈ ಹಾಕಬೇಡಿ. ಅದರಲ್ಲಿ ನೀವು ನೋಡಬಹುದಾದದ್ದು ಕೇಬಲ್, ಸ್ಪೀಕರ್ ತಂತಿ, ಹೊರಗಿನ ಫ್ಯೂಸ್ ಇಷ್ಟೇ. ಸ್ಪೀಕರ್ ಕಳಚಿಟ್ಟು ವಾಲ್ವ್ ಆಂಪ್ ಚಾಲು ಮಾಡುವುದೂ ಸಲ್ಲದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಎತ್ತಿದರೆ ಹಗುರವಾಗಿರುವ, ಒಳಗೆ ಕಬ್ಬಿಣದ ಭಾರೀ ಟ್ರಾನ್ಸ್‌ಫಾರ್ಮರ್ ಇಲ್ಲದ ಹೊಸ ಆಂಪ್‌ಗಳಲ್ಲಿ ಮೊಬೈಲ್ ಚಾರ್ಜರಿನ ಮಾದರಿಯ ಎಸ್‌ಎಂಪಿಎಸ್ ಇರುತ್ತದೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಅಲ್ಲಿ ನೇರವಾಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂರುತ್ತದೆ. ಹೊಸಬರಿಗೆ ಅದೂ ಬೇಡ.

ಉಳಿದದ್ದು ಸಾಮಾನ್ಯ ಟ್ರಾನ್ಸಿಸ್ಟರ್ ಅಥವಾ ಐಸಿ ಆಂಪ್. ಕಾಲೇಜು ಹುಡುಗರ ಕೋಣೆಗಳಲ್ಲಿ, ಚರ್ಚುಗಳಲ್ಲಿ, ಸಂಗೀತ ಶಾಲೆಗಳಲ್ಲಿ ಇರುವ ಹತ್ತರಿಂದ ಮೂವತ್ತು ವಾಟ್‌ನವುಗಳಲ್ಲಿ ಹೆಚ್ಚಿನವು ಇವೇ. ಇಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಈಚೆಗೆ ಇರುವುದು ಹದಿನೈದಿಪ್ಪತ್ತು ವೋಲ್ಟ್. ಆದರೆ ಅದರ ಆಚೆ, ಅಂದರೆ ಪವರ್ ಸ್ವಿಚ್, ಫ್ಯೂಸ್ ಹೋಲ್ಡರ್, ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಗೋಡೆಯ ಕರೆಂಟು ಬರುವ ಕಡೆಯ ಸುರುಳಿ) ಇವೆಲ್ಲ ಪೂರ್ತಿ 230. ಬೆಸುಗೆ ಹಾಕುವಾಗ, ಬೋರ್ಡ್ ಮುಟ್ಟುವಾಗ ಪ್ಲಗ್ ಗೋಡೆಯಿಂದ ಹೊರಗೆ, ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಚಾಲು ಇಟ್ಟು ಅಳೆಯಲೇಬೇಕಾದಾಗ ಒಂದೇ ಕೈ ಬಳಸಿ, ಕಾಲಿಗೆ ಚಪ್ಪಲಿ ಇರಲಿ, ಮನೆಯಲ್ಲಿ ಇನ್ನೊಬ್ಬರು ಇರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಮ್, ಅಂದರೆ ಗುಂಯ್ ಎಂಬ ಸದ್ದು ಬರುತ್ತದೆಂದು ತ್ರೀ ಪಿನ್ ಪ್ಲಗ್‌ನ ಅರ್ಥ್ ಪಿನ್ನನ್ನು ಕತ್ತರಿಸುವವರಿದ್ದಾರೆ. ಗಿಟಾರಿನ ತಂತಿಗಳು ಆಂಪ್‌ನ ಚಾಸಿಗೆ, ಅಂದರೆ ಲೋಹದ ಒಳಚೌಕಟ್ಟಿಗೆ ನೇರ ಜೋಡಣೆಯಾಗಿರುತ್ತವೆ. ಚಾಸಿಗೆ ಕರೆಂಟು ಸೋರಿದರೆ ಅದು ಬರುವುದು ನಿಮ್ಮ ಬೆರಳಿಗೇ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ 'ಸ್ಟೋನ್ ದಿ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಕರೆಂಟು ಹೊಡೆದು ತೀರಿಕೊಂಡರು. ನಮ್ಮ ಗಣೇಶೋತ್ಸವದ ಪೆಂಡಾಲುಗಳಲ್ಲಿ ಜನರೇಟರಿನಿಂದ ಎಳೆದ ವೈರುಗಳನ್ನು ನೋಡಿದವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಕೆರೆ, ತೂಬು, ನೀರುಗಂಟಿ

ಆಂಪ್ ಗಿಟಾರಿನ ಸದ್ದನ್ನು "ದೊಡ್ಡದು ಮಾಡುತ್ತದೆ" ಎಂದುಕೊಂಡರೆ ರಿಪೇರಿ ಮಾಡುವಾಗ ದಿಕ್ಕು ತಪ್ಪುತ್ತದೆ. ಒಳಗೆ ನಡೆಯುವುದು ಬೇರೆ.

ಕೆರೆಯೊಂದನ್ನು ನೆನೆಯಿರಿ. ಗೋಡೆಯಿಂದ ಬಂದ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ನಾಲ್ಕು ಡಯೋಡ್‌ಗಳ ಬ್ರಿಜ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಈ ನೀರು ಒಂದೇ ಸಮನೆ ಹರಿಯುವುದಿಲ್ಲ, ಸೆಕೆಂಡಿಗೆ ನೂರು ಅಲೆಗಳಾಗಿ ಬರುತ್ತದೆ. ಅದನ್ನು ತುಂಬಿಟ್ಟುಕೊಂಡು ಸಮ ಮಾಡುವ ಕೆರೆ ಎಂದರೆ ಆ ದಪ್ಪ ಎರಡು ಫಿಲ್ಟರ್ ಕೆಪಾಸಿಟರ್‌ಗಳು. ಕೆರೆಯ ತೂಬು ಪವರ್ ಐಸಿ ಅಥವಾ ಔಟ್‌ಪುಟ್ ಟ್ರಾನ್ಸಿಸ್ಟರ್ ಇರುವ ಪವರ್ ಭಾಗ. ಗದ್ದೆಯೇ ಸ್ಪೀಕರ್. ಗಿಟಾರಿನಿಂದ ಬರುವ ಸಿಗ್ನಲ್ ನೀರುಗಂಟಿಯಂತೆ: ತಾನು ನೀರು ಹೊರುವುದಿಲ್ಲ, ತೂಬನ್ನು ಏರಿಸಿ ಇಳಿಸುತ್ತಾನೆ. ಸ್ಪೀಕರ್ ಅಲುಗುವುದು ಕೆರೆಯ ನೀರಿನಿಂದ, ಎಂದರೆ ಗೋಡೆಯ ಕರೆಂಟಿನಿಂದ. ಅದು ಗಿಟಾರಿನ ತಾಳಕ್ಕೆ ಅಲುಗುತ್ತದೆ, ಅಷ್ಟೇ.

ಗಿಟಾರಿನ ಪಿಕಪ್‌ನಿಂದ ಬರುವ ಸಿಗ್ನಲ್ ಬಹಳ ಬಡಕಲು, ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಈ ನೀರುಗಂಟಿಗೆ ತೂಬು ಎತ್ತುವಷ್ಟು ಶಕ್ತಿ ಕೊಡುವುದೇ ಪ್ರೀಆಂಪ್. 4558 ಅಥವಾ ಟಿಎಲ್072 ಎಂಬ ಎಂಟು ಕಾಲಿನ ಪುಟ್ಟ ಐಸಿಗಳು, ಗೇನ್, ಬಾಸ್, ಟ್ರೆಬಲ್ ನಾಬ್‌ಗಳು ಎಲ್ಲ ಈ ಭಾಗದವು.

ಹೀಗೆ ನೋಡಿದಾಗ ಕೆಟ್ಟ ಆಂಪ್‌ಗೆ ಮೂರೇ ಪ್ರಶ್ನೆ. ಕೆರೆಯಲ್ಲಿ ನೀರಿದೆಯೇ? ನೀರುಗಂಟಿ ತೂಬಿನವರೆಗೆ ಬರುತ್ತಿದ್ದಾನೆಯೇ? ತೂಬು ಆಡುತ್ತಿದೆಯೇ?

ಸ್ಕ್ರೂ ಬಿಚ್ಚುವ ಮುಂಚೆಯೇ

ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ಅರ್ಧ ಉತ್ತರ ಪಡೆಯಬಹುದು. ಗೋಡೆಯಿಂದ ಕಿತ್ತ ಪ್ಲಗ್‌ನ ಲೈನ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟು, ಆಂಪ್‌ನ ಸ್ವಿಚ್ ಆನ್ ಮಾಡಿ ಓಮ್ ಅಳೆಯಿರಿ. ಸಣ್ಣ ಆಂಪ್‌ನಲ್ಲಿ ಕೆಲವು ಹತ್ತು ಓಮ್ ತೋರಿಸಿದರೆ ವೈರು, ಸ್ವಿಚ್, ಫ್ಯೂಸ್, ಟ್ರಾನ್ಸ್‌ಫಾರ್ಮರಿನ ಪ್ರೈಮರಿ ನಾಲ್ಕೂ ಸರಿಯಿವೆ. ಏನೂ ತೋರಿಸದಿದ್ದರೆ ಆ ನಾಲ್ಕರಲ್ಲೇ ಒಂದು ಕಡಿದಿದೆ. ಅರ್ಥ್ ಪಿನ್ ಮತ್ತು ಚಾಸಿಯ ನಡುವೆ ಸೊನ್ನೆಯ ಹತ್ತಿರ ಬರಬೇಕು. ಅರ್ಥ್ ಮತ್ತು ಲೈನ್ ನಡುವೆ ಏನೂ ಬರಬಾರದು, ಬಂದರೆ ಆ ಆಂಪನ್ನು ಮತ್ತೆ ಚಾಲು ಮಾಡಬೇಡಿ.

ಆಮೇಲೆ ಗಿಟಾರ್ ಕೇಬಲ್. ದನಿ ನಿಂತಾಗ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪಿನ್ನಿನ ಬುಡದಲ್ಲಿ ತಂತಿ ಮುರಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಮೀಟರಿನ ಬೀಪ್ ಮೋಡ್‌ನಲ್ಲಿ ತುದಿಯಿಂದ ತುದಿಗೆ ನೋಡಿ, ನೋಡುವಾಗ ಕೇಬಲನ್ನು ಬಗ್ಗಿಸಿ. ಆಕ್ಟಿವ್ ಪಿಕಪ್‌ನ ಗಿಟಾರ್ ಆದರೆ ಅದರ 9 ವೋಲ್ಟ್ ಬ್ಯಾಟರಿಯನ್ನೂ ಮರೆಯಬೇಡಿ.

ಹಿಂದೆ ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್‌ಗಳಿದ್ದರೆ ನೀವು ಅದೃಷ್ಟವಂತರು. ಆಂಪನ್ನು ನಡುಮಧ್ಯೆ ಎರಡು ಪಾಲು ಮಾಡಿ ಕೈಗೆ ಕೊಟ್ಟಂತೆ ಅದು. ಮೊಬೈಲಿನಿಂದ ಯಾವುದಾದರೂ ಹಾಡನ್ನು ರಿಟರ್ನ್‌ಗೆ ಕೊಡಿ. ಕೇಳಿಸಿದರೆ ಪವರ್ ಭಾಗ ಸರಿಯಿದೆ, ರೋಗ ಪ್ರೀಆಂಪ್‌ನಲ್ಲಿದೆ. ಕೇಳಿಸದಿದ್ದರೆ ರೋಗ ಪವರ್ ಭಾಗದಲ್ಲೋ ಸ್ಪೀಕರಿನಲ್ಲೋ ಇದೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿದ ಕೂಡಲೇ ಗಿಟಾರ್ ಕೇಳಿಸತೊಡಗಿದರೆ, ನನ್ನ ಹೆಡ್‌ಫೋನ್ ಜ್ಯಾಕಿನ ಕಥೆಯೇ ಇಲ್ಲೂ: ರಿಟರ್ನ್ ಜ್ಯಾಕಿನ ಪಟ್ಟಿಗೆ ಕಿಲುಬು. ಈ ಜ್ಯಾಕ್‌ಗಳಿಲ್ಲದ ಪುಟ್ಟ ಆಂಪ್‌ಗಳಲ್ಲಿ ಆಕ್ಸ್ ಇನ್ (ಮೊಬೈಲಿನ ಹಾಡು ಕೊಡುವ ಜ್ಯಾಕ್) ಇದ್ದರೆ ಅದನ್ನೇ ಬಳಸಿ. ಅದು ಸಾಮಾನ್ಯವಾಗಿ ಪ್ರೀಆಂಪನ್ನು ದಾಟಿಯೇ ಸೇರುತ್ತದೆ.

ಅಮೆರಿಕದಿಂದ ವಾಪಸ್ ಬಂದವರು ತಂದ ಆಂಪ್‌ಗಳ ಬಗ್ಗೆ ಒಂದು ಮಾತು. ಹಿಂದಿನ ಚೀಟಿಯಲ್ಲಿ 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಫ್ಯೂಸ್ ಹೋಗುತ್ತದೆ. ಬಹಳ ಸಲ ಹೋಗುವುದು ಫ್ಯೂಸ್ ಮಾತ್ರ. ಅದನ್ನು ಬದಲಿಸಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಹಾಕಿದರೆ ಬದುಕಿಕೊಳ್ಳುತ್ತದೆ.

ಹಮ್ ಯಾವ ಸ್ವರದಲ್ಲಿದೆ?

ಗಿಟಾರ್ ನುಡಿಸುವವರಿಗೆ ಇಲ್ಲಿ ಮೆಕ್ಯಾನಿಕ್‌ಗಿಂತ ಒಂದು ಕೈ ಮೇಲಾಗುವ ಅವಕಾಶವಿದೆ. ಆಂಪ್ ಗುಂಯ್‌ಗುಡುತ್ತಿದ್ದರೆ ಆ ಗುಂಯ್ ಯಾವ ಸ್ವರ ಎಂದು ಕಿವಿಗೊಟ್ಟು ಕೇಳಿ.

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಬ್ರಿಜ್ ಅದನ್ನು ಮಡಚಿ 100 ಹರ್ಟ್ಸ್ ಮಾಡುತ್ತದೆ. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ ಸ್ವರ, 98 ಹರ್ಟ್ಸ್. ಆಂಪ್‌ನ ಹಮ್ ಆ ಸ್ವರಕ್ಕೆ ಹೆಚ್ಚುಕಡಿಮೆ ಕೂಡಿಕೊಂಡರೆ ಅದು ಕೆರೆಯ ದೋಷ: ಫಿಲ್ಟರ್ ಕೆಪಾಸಿಟರ್ ಒಣಗಿದೆ, ಅಲೆಗಳನ್ನು ಸಮ ಮಾಡಲು ಅದರಿಂದ ಆಗುತ್ತಿಲ್ಲ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಎದೆಗೆ ತಾಗುವಂತೆ ಮೊಳಗಿದರೆ 50 ಹರ್ಟ್ಸ್: ಇದು ಹೊರಗಿನಿಂದ ಒಳನುಗ್ಗಿದ ಹಮ್, ಗ್ರೌಂಡ್ ಎಲ್ಲೋ ಕಡಿದಿದೆ, ಇನ್‌ಪುಟ್ ಜ್ಯಾಕ್ ಸಡಿಲವಾಗಿದೆ ಅಥವಾ ಕೇಬಲಿನ ಹೊರಬಲೆ ಮುರಿದಿದೆ.

ವಾಲ್ಯೂಮ್ ನಾಬನ್ನು ಪೂರ್ತಿ ಇಳಿಸಿ ನೋಡುವುದು ಇದರ ಜೊತೆಯ ಪರೀಕ್ಷೆ. ಇಳಿಸಿದಾಗ ಹಮ್ ಹೋದರೆ ದೋಷ ನಾಬಿಗಿಂತ ಹಿಂದೆ, ಉಳಿದರೆ ನಾಬಿಗಿಂತ ಮುಂದೆ. ಕರಕರ ಸದ್ದಿಗೂ ಇದೇ ನಿಯಮ. ನಾಬ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಒಳಗೆ ದೂಳು ಕೂತಿದೆ. ನಾಬಿನ ಹಿಂದಿರುವ ಪೊಟೆನ್ಷಿಯೋಮೀಟರಿನ ಕಿಂಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೂವತ್ತು ಸಲ ತಿರುಗಿಸಿ. ಮನೆಯಲ್ಲಿರುವ ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಇದಕ್ಕೆ ಆಗದು, ಅದರ ಜಿಡ್ಡು ಉಳಿದು ಇನ್ನಷ್ಟು ದೂಳು ಹಿಡಿಯುತ್ತದೆ. ಸ್ವಚ್ಛ ಮಾಡಿದರೂ ಕರಕರ ನಿಲ್ಲದಿದ್ದರೆ ಡಿಸಿ ತಡೆದು ಸದ್ದನ್ನಷ್ಟೇ ಬಿಡಬೇಕಾದ ಹತ್ತಿರದ ಕಪ್ಲಿಂಗ್ ಕೆಪಾಸಿಟರ್ ಸೋರಿ ನಾಬಿಗೆ ಡಿಸಿ ಬರುತ್ತಿರಬಹುದು.

ತಟ್ಟಿದರೆ ದನಿ ಬಂದು ಹೋಗುವುದು ಡ್ರೈ ಸೋಲ್ಡರ್ (ಬಿರಿದ ಬೆಸುಗೆ) ಅಥವಾ ಲೂಸ್ ಕಾಂಟ್ಯಾಕ್ಟ್. ಹತ್ತು ನಿಮಿಷ ಚೆನ್ನಾಗಿ ನುಡಿದು ಬಿಸಿಯಾದ ಮೇಲೆ ನಿಲ್ಲುವುದು, ತಣ್ಣಗಾದರೆ ಮತ್ತೆ ಬರುವುದು ಪವರ್ ಐಸಿಯ ಸ್ವಯಂರಕ್ಷಣೆ ಅಥವಾ ಬಿಸಿಗೆ ಬಾಯಿಬಿಡುವ ಬೆಸುಗೆ.

ನೂರು ವಾಟ್ ಬಲ್ಬಿನ ಕಾವಲು

ಸಾಮಾನು ಹೆಚ್ಚೇನೂ ಬೇಡ. ಅಗ್ಗದ ಹಳದಿ ಡಿಜಿಟಲ್ ಮಲ್ಟಿಮೀಟರ್, 25 ವಾಟ್‌ನ ಸೋಲ್ಡರಿಂಗ್ ಐರನ್, ಒಳಗೇ ಫ್ಲಕ್ಸ್ ಇರುವ 60/40 ಸೋಲ್ಡರ್ ವೈರ್, ಹಳೆ ಬೆಸುಗೆ ಹೀರುವ ಪಂಪ್, ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ ಇದೆ. ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ, ಅಗ್ಗದ್ದನ್ನೇ ಆರಿಸಿದರೆ ಹೊಸ ಆಂಪ್‌ನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಬೇರೆ ಊರಿನವರು ಟಿವಿ ರಿಪೇರಿಯವರು ಎಲ್ಲಿ ಕೊಳ್ಳುತ್ತಾರೆಂದು ಕೇಳಿ.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಉಪಕರಣವನ್ನು ನೀವೇ ಮಾಡಿಕೊಳ್ಳಬೇಕು. ಅದು ಸೀರೀಸ್ ಲ್ಯಾಂಪ್. ಒಂದು ಬೋರ್ಡಿನ ಮೇಲೆ ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಲೈನ್ ತಂತಿ ನೇರವಾಗಿ ಸಾಕೆಟ್ಟಿಗೆ ಹೋಗದೆ ಬಲ್ಬನ್ನು ದಾಟಿ ಹೋಗಬೇಕು. ನ್ಯೂಟ್ರಲ್ ಮತ್ತು ಅರ್ಥ್ ನೇರ. ಬಲ್ಬು ಹಳೆ ಕಾಲದ ತಂತಿಯ ಬಲ್ಬೇ ಆಗಿರಬೇಕು, 60 ಅಥವಾ 100 ವಾಟ್‌ನದು. ಎಲ್‌ಇಡಿ ಇಲ್ಲಿ ನಡೆಯದು. ವೈರಿಂಗ್ ಬಾರದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ, ಅವರ ಹತ್ತಿರ ಇಂಥದ್ದು ಇದ್ದೇ ಇರುತ್ತದೆ.

ಕೆಟ್ಟ ಆಂಪನ್ನು ಈ ಸಾಕೆಟ್ಟಿಗೆ ಹಾಕಿ ಚಾಲು ಮಾಡಿ. ಬಲ್ಬು ಒಂದು ಕ್ಷಣ ಮಿನುಗಿ ಮಂಕಾದರೆ ಒಳಗೆ ದೊಡ್ಡ ಶಾರ್ಟ್ ಇಲ್ಲ, ಕೆರೆ ತುಂಬಿಕೊಂಡಿತು ಎಂದರ್ಥ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆದರೆ ಬಲ್ಬು ತಡೆದು ನಿಂತದ್ದರಿಂದ ಹೊಸ ಐಸಿ, ಹೊಸ ಫ್ಯೂಸ್ ಸುಡುವ ಸಾಧ್ಯತೆ ಕಡಿಮೆ. ಇದಿಲ್ಲದೆ ಕೆಲಸ ಮಾಡುವವರು ಒಂದು ಸಣ್ಣ ತಪ್ಪಿಗೆ ಪ್ರತಿ ಸಲವೂ ಒಂದು ಐಸಿ ತೆರುತ್ತಾರೆ.

ಫ್ಯೂಸ್ ಕೂಡ ಮಾತಾಡುತ್ತದೆ. ಗಾಜಿನೊಳಗೆ ತಂತಿ ನಡುವೆ ಸುಮ್ಮನೆ ಕಡಿದಿದ್ದರೆ ಅದು ವಯಸ್ಸಾಗಿಯೋ ಸ್ವಲ್ಪ ಹೆಚ್ಚಿನ ಹೊರೆಗೋ ಹೋಗಿರಬಹುದು. ಗಾಜಿನ ಒಳಮೈ ಕಪ್ಪಾಗಿದ್ದರೆ, ಬೆಳ್ಳಿ ಬಳಿದಂತಿದ್ದರೆ ನೇರ ಶಾರ್ಟ್. ಬದಲಿಸುವಾಗ ಅದರ ಲೋಹದ ಟೋಪಿಯ ಮೇಲಿನ ಅಕ್ಷರ ನೋಡಿ: ಟಿ ಎಂದಿದ್ದರೆ ನಿಧಾನದ್ದು, ಎಫ್ ಎಂದಿದ್ದರೆ ಚುರುಕಿನದು. ಅದೇ ಅಕ್ಷರ, ಅದೇ ಆಂಪಿಯರ್ ಹಾಕಿ. ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ ಸುತ್ತುವುದು ಮನೆಗೆ ಬೆಂಕಿ ಇಡುವ ಕೆಲಸ.

ತೂಬು ಕೆಟ್ಟಾಗ

ಸ್ಪೀಕರ್ ತಂತಿಯನ್ನು ಕಳಚಿ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಸೀರೀಸ್ ಲ್ಯಾಂಪ್ ಮೂಲಕ ಚಾಲು ಮಾಡಿ, ಮೀಟರಿನ ಕಪ್ಪು ತಂತಿಯನ್ನು ಬೋರ್ಡಿನ ಗ್ರೌಂಡಿಗೆ ಸಿಕ್ಕಿಸಿ, ಕೆಂಪು ತಂತಿಯಿಂದ ಮೊದಲು ಎರಡು ದಪ್ಪ ಕೆಪಾಸಿಟರ್‌ಗಳನ್ನು ಅಳೆಯಿರಿ. ಒಂದರಲ್ಲಿ ಪ್ಲಸ್ 16 ವೋಲ್ಟ್ ಬಂದರೆ ಇನ್ನೊಂದರಲ್ಲಿ ಮೈನಸ್ 16ರ ಆಸುಪಾಸು ಬರಬೇಕು. ಬಲ್ಬಿನಿಂದಾಗಿ ಒಂಚೂರು ಕಡಿಮೆ ತೋರಿಸಬಹುದು, ಆದರೆ ಎರಡೂ ಸರಿಸಮ ಇರಬೇಕು. ಒಂದು ಕಡೆ ಸೊನ್ನೆ ಎಂದರೆ ಬ್ರಿಜ್‌ನ ಡಯೋಡ್, ಆ ಬದಿಯ ಕೆಪಾಸಿಟರ್ ಅಥವಾ ಅಲ್ಲಿನ ಬೆಸುಗೆ.

ನೀರು ಇದೆ ಎಂದಾದರೆ ತೂಬು ನೋಡೋಣ. ಸಣ್ಣ ಆಂಪ್‌ಗಳಲ್ಲಿ ಹೀಟ್ ಸಿಂಕಿಗೆ (ಬಿಸಿ ಹೀರುವ ಲೋಹದ ತುಂಡಿಗೆ) ಸ್ಕ್ರೂ ಹಾಕಿ ಬಿಗಿದ ಐದು ಕಾಲಿನ ಐಸಿ ಕಾಣುತ್ತದೆ, ಬಹಳ ಸಲ ಟಿಡಿಎ2030, ಟಿಡಿಎ2050 ಅಥವಾ ಎಲ್‌ಎಂ1875. ಮೂರಕ್ಕೂ ಕಾಲುಗಳ ಕ್ರಮ ಒಂದೇ: 1 ಮತ್ತು 2 ಇನ್‌ಪುಟ್, 3 ಮೈನಸ್ ಸಪ್ಲೈ, 4 ಔಟ್‌ಪುಟ್, 5 ಪ್ಲಸ್ ಸಪ್ಲೈ. ನಾಲ್ಕನೇ ಕಾಲಿನಲ್ಲಿ, ಗಿಟಾರ್ ನುಡಿಸದಿರುವಾಗ, ಸೊನ್ನೆಯ ಹತ್ತಿರ ಇರಬೇಕು. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಅಡ್ಡಿಯಿಲ್ಲ. ಅಲ್ಲಿ ಹತ್ತು ಹದಿನೈದು ವೋಲ್ಟ್ ನಿಂತಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ ಐಸಿ ಸತ್ತಿದೆ: ತೂಬು ತೆರೆದೇ ಉಳಿದು ಕೆರೆ ಪೂರ್ತಿ ಗದ್ದೆಗೆ ನುಗ್ಗುತ್ತಿದೆ. ಅದನ್ನು ನೋಡದೆ ಸ್ಪೀಕರ್ ಜೋಡಿಸಿದರೆ ಸ್ಪೀಕರಿನ ಕಾಯಿಲ್ ಸುಟ್ಟು ವಾಸನೆ ಬರುತ್ತದೆ. ಸ್ಪೀಕರನ್ನು ಮೊದಲು ಕಳಚಲು ಹೇಳಿದ್ದು ಇದಕ್ಕೇ.

ಟಿಡಿಎ2030 ಯಾಕೆ ಇಷ್ಟು ಸಲ ಸಾಯುತ್ತದೆ ಎಂಬುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. 12-0-12 ಟ್ರಾನ್ಸ್‌ಫಾರ್ಮರ್ (ನಡುತಂತಿಯಿಂದ ಎರಡೂ ಬದಿಗೆ 12 ವೋಲ್ಟ್ ಎಸಿ ಕೊಡುವುದು) ಎಂದರೆ ಪ್ರತಿ ಬದಿಗೆ 12ನ್ನು 1.414ರಿಂದ ಗುಣಿಸಿ, ಡಯೋಡಿನದು ಕಳೆದು, ಸುಮಾರು 16 ವೋಲ್ಟ್. ಆಂಪ್ ಸುಮ್ಮನೆ ಚಾಲು ಇದ್ದಾಗ, ಹೊರೆಯಿಲ್ಲದ ಕಾರಣ, ಇದೇ ಹದಿನೇಳರ ಮೇಲೇರುತ್ತದೆ. ರಾತ್ರಿ ಲೈನಿನಲ್ಲಿ 250 ವೋಲ್ಟ್ ಬಂದರೆ ಹತ್ತೊಂಬತ್ತರ ಹತ್ತಿರ. ಈ ಐಸಿಯ ಗರಿಷ್ಠ ಮಿತಿ ಪ್ಲಸ್ ಮೈನಸ್ 18. ಟಿಡಿಎ2050ರ ಮಿತಿ 25, ಎಲ್‌ಎಂ1875ರದು 30. ಹಾಗಾಗಿ ಹೋದ 2030ರ ಜಾಗಕ್ಕೆ ನಾನು ಅದನ್ನೇ ಹಾಕುವುದಿಲ್ಲ, ಎಲ್‌ಎಂ1875 ಹಾಕುತ್ತೇನೆ. ದನಿ ಜಾಸ್ತಿಯಾಗುವುದಿಲ್ಲ, ಬಾಳಿಕೆ ಜಾಸ್ತಿಯಾಗುತ್ತದೆ. ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಕೊಟ್ಟರೆ ಅನುಮಾನಿಸಿ. ಮೇಲಿನ ಹೆಸರು ಒರೆಸಿ ಬೇರೆ ಹೆಸರು ಅಚ್ಚು ಹಾಕಿದ ನಕಲಿ ಪವರ್ ಐಸಿಗಳು ಮಾರುಕಟ್ಟೆಯಲ್ಲಿವೆ. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ.

ಹೊಸದನ್ನು ಕೂರಿಸುವಾಗ ಹೊಸಬರು ಎಡವುವ ಜಾಗ ಒಂದಿದೆ. ಈ ಐಸಿಗಳ ಬೆನ್ನಿನ ಲೋಹ ಮೂರನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಒಳಗೇ ಜೋಡಣೆಯಾಗಿರುತ್ತದೆ. ಹೀಟ್ ಸಿಂಕ್ ಚಾಸಿಗೆ ತಾಗಿದ್ದರೆ, ನಡುವೆ ಕರೆಂಟು ಹಾಯದ ಮೈಕಾ ಹಾಳೆ ಮತ್ತು ಸ್ಕ್ರೂವಿಗೆ ಪ್ಲಾಸ್ಟಿಕ್ ವಾಷರ್ ಇರಲೇಬೇಕು. ಹಳೆಯದನ್ನು ಬಿಚ್ಚುವಾಗ ಆ ತೆಳು ಹಾಳೆ ಕೆಳಗೆ ಬಿದ್ದು ಕಸದ ಜೊತೆ ಹೋಗುತ್ತದೆ. ಅದಿಲ್ಲದೆ ಬಿಗಿದರೆ ಮೈನಸ್ ಸಪ್ಲೈ ನೇರ ಗ್ರೌಂಡಿಗೆ. ಬಿಗಿದಾದ ಮೇಲೆ, ಚಾಲು ಮಾಡುವ ಮೊದಲು, ಐಸಿಯ ಬೆನ್ನು ಮತ್ತು ಚಾಸಿಯ ನಡುವೆ ಬೀಪ್ ಬರುತ್ತದೆಯೇ ನೋಡಿ. ಬರಕೂಡದು. ಹಾಳೆಯ ಎರಡೂ ಬದಿಗೆ ಹೀಟ್ ಸಿಂಕ್ ಪೇಸ್ಟ್ ತೆಳ್ಳಗೆ ಸವರಿ. ದಪ್ಪಗೆ ಮೆತ್ತಿದರೆ ಬಿಸಿ ದಾಟಲು ಅದೇ ಅಡ್ಡ.

ನೀರುಗಂಟಿಯನ್ನು ಹಿಂಬಾಲಿಸುವುದು

ಪವರ್ ಭಾಗ ಸರಿಯಿದ್ದು ಗಿಟಾರ್ ಮಾತ್ರ ಕೇಳಿಸದಿದ್ದರೆ ಸಿಗ್ನಲನ್ನು ಹಿಂಬಾಲಿಸಬೇಕು. ಇದಕ್ಕೆ ದುಬಾರಿ ಆಸಿಲೋಸ್ಕೋಪ್ ಬೇಡ. ಆಕ್ಸ್ ಇರುವ ಬ್ಲೂಟೂತ್ ಸ್ಪೀಕರ್ ಸಾಕು, ಚಾರ್ಜಿಂಗಿಗೆ ಹಾಕಿರಬಾರದು. ಹಳೆ ಆಕ್ಸ್ ಕೇಬಲೊಂದರ ಒಂದು ತುದಿ ಕತ್ತರಿಸಿ, ಹೊರಬಲೆಯ ತಂತಿಗೆ ಕ್ಲಿಪ್ ಹಾಕಿ ಆಂಪ್‌ನ ಗ್ರೌಂಡಿಗೆ ಕಚ್ಚಿಸಿ. ಒಳತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ (ಮೇಲೆ 104 ಎಂದು ಬರೆದಿರುತ್ತದೆ) ಬೆಸೆದು ಅದರ ಇನ್ನೊಂದು ಕಾಲನ್ನೇ ಸೂಜಿಯಾಗಿ ಬಳಸಿ. ಕೆಪಾಸಿಟರ್ ಡಿಸಿಯನ್ನು ತಡೆದು ಸದ್ದನ್ನಷ್ಟೇ ಬಿಡುತ್ತದೆ. ಬ್ಲೂಟೂತ್ ಸ್ಪೀಕರಿನ ವಾಲ್ಯೂಮ್ ಸಣ್ಣಗಿಡಿ. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕಡೆಗೆ ಈ ಸೂಜಿ ಎಂದಿಗೂ ಹೋಗಬಾರದು.

ಆಂಪ್‌ನ ಇನ್‌ಪುಟ್‌ಗೆ ಮೊಬೈಲಿನಿಂದ ಸಣ್ಣ ದನಿಯಲ್ಲಿ ಹಾಡು ಕೊಟ್ಟು, ಸೂಜಿಯನ್ನು ನಡುಮಧ್ಯೆ ಇಡಿ, ಉದಾಹರಣೆಗೆ ವಾಲ್ಯೂಮ್ ನಾಬಿನ ಮಧ್ಯದ ಕಾಲಿಗೆ. ಕೇಳಿಸಿದರೆ ಇಲ್ಲಿಯವರೆಗೆ ದಾರಿ ಸರಿಯಿದೆ, ಮುಂದಿನ ಅರ್ಧವನ್ನು ಮತ್ತೆ ಎರಡು ಮಾಡಿ. ಕೇಳಿಸದಿದ್ದರೆ ಹಿಂದಿನ ಅರ್ಧವನ್ನು. ಐದಾರು ಸಲ ಹೀಗೆ ಮಾಡಿದರೆ ಐವತ್ತು ಅರವತ್ತು ಬಿಡಿಭಾಗಗಳ ನಡುವೆ ತಪ್ಪಿತಸ್ಥ ಒಂದು ಅಥವಾ ಎರಡಕ್ಕೆ ಬಂದು ನಿಲ್ಲುತ್ತದೆ. ಈ ಪತ್ತೆದಾರಿಕೆಯಲ್ಲಿ ಸಿಗುವ ಸಂತೋಷ ಹೊಸ ಆಂಪ್ ಕೊಂಡಾಗಲೂ ನನಗೆ ಸಿಕ್ಕಿಲ್ಲ.

ಪ್ರೀಆಂಪ್ ಪೂರ್ತಿ ಮೌನವಾಗಿದ್ದರೆ ಎಂಟು ಕಾಲಿನ ಐಸಿಯ 8ನೇ ಕಾಲಿನಲ್ಲಿ ಪ್ಲಸ್ 15, 4ನೇ ಕಾಲಿನಲ್ಲಿ ಮೈನಸ್ 15ರ ಹತ್ತಿರ ಇದೆಯೇ ನೋಡಿ. ದೊಡ್ಡ ಆಂಪ್‌ಗಳಲ್ಲಿ ಪವರ್ ಭಾಗದ ಹೆಚ್ಚಿನ ವೋಲ್ಟನ್ನು ಎರಡು ದಪ್ಪ ರೆಸಿಸ್ಟರ್ ಮತ್ತು ಎರಡು ಝೀನರ್ ಡಯೋಡ್ ಇಳಿಸಿ ಇಲ್ಲಿಗೆ ಕೊಡುತ್ತವೆ. ಆ ರೆಸಿಸ್ಟರ್‌ಗಳು ಸದಾ ಬಿಸಿಯಾಗಿದ್ದು ಸುತ್ತಲಿನ ಬೋರ್ಡ್ ಕಂದು ಬಣ್ಣಕ್ಕೆ ತಿರುಗುತ್ತದೆ, ಅವುಗಳ ಕಾಲಿನ ಬೆಸುಗೆ ಬಿರಿಯುತ್ತದೆ. ಕಂದು ಕಲೆ ಕಂಡಲ್ಲಿ ಮೊದಲು ಹುಡುಕಿ.

ಬಿರಿದ ಬೆಸುಗೆ ಬರಿಗಣ್ಣಿಗೆ ಸುಲಭವಾಗಿ ಕಾಣದು. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಾಣುತ್ತದೆ. ಇನ್‌ಪುಟ್ ಜ್ಯಾಕ್, ನಾಬ್‌ಗಳು, ಟ್ರಾನ್ಸ್‌ಫಾರ್ಮರ್ ತಂತಿ, ಪವರ್ ಐಸಿ: ಎಳೆತ, ತಿರುಚು, ಬಿಸಿ ಇರುವ ಕಡೆಗಳಲ್ಲೇ ಇದು ಜಾಸ್ತಿ. ಅದರ ಮೇಲೆಯೇ ಹೊಸ ಸೋಲ್ಡರ್ ಮೆತ್ತಬೇಡಿ. ಹಳೆಯದನ್ನು ಪಂಪಿನಿಂದ ಹೀರಿ ತೆಗೆದು, ಐರನ್ನಿನ ತುದಿಯನ್ನು ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೆ ತಾಗಿಸಿ, ಎರಡು ಸೆಕೆಂಡು ಬಿಟ್ಟು ಸೋಲ್ಡರ್ ವೈರನ್ನು ಆ ಸಂದಿಗೆ ಕೊಡಿ. ಹರಿದು ಹೊಳೆಯುತ್ತ ಕೂತರೆ ಸರಿ. ಗುಂಡಗೆ, ಮಂಕಾಗಿ ನಿಂತರೆ ಮತ್ತೆ ಮಾಡಿ.

ಫಿಲ್ಟರ್ ಕೆಪಾಸಿಟರ್ ಬದಲಿಸುವುದಾದರೆ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದ್ದನ್ನೇ ಕೇಳಿ. ಮುಟ್ಟುವ ಮೊದಲು ಹಳೆಯದರ ಎರಡು ಕಾಲಿಗೆ 1 ಕಿಲೋಓಮ್ ರೆಸಿಸ್ಟರ್ ಅರ್ಧ ನಿಮಿಷ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವುದು ಬೇಡ. ಮೈನಸ್ ಪಟ್ಟಿ ಯಾವ ಕಡೆಗಿತ್ತೆಂದು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗುಮುರುಗು ಹಾಕಿದರೆ ಸಿಡಿಯುತ್ತದೆ.

ಸ್ಪೀಕರ್

8 ಓಮ್‌ನ ಸ್ಪೀಕರ್ ಮೀಟರಿನಲ್ಲಿ ಆರರಿಂದ ಏಳು ಓಮ್ ತೋರಿಸುತ್ತದೆ, ಅದು ಸರಿಯೇ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಟಕ್ ಎನ್ನಬೇಕು, ಕೋನ್ (ಸ್ಪೀಕರಿನ ಕಾಗದದ ಬಟ್ಟಲು) ಅಲುಗಬೇಕು. ಕೈಯಿಂದ ಕೋನನ್ನು ಮೆಲ್ಲಗೆ ಒತ್ತಿದಾಗ ಉಜ್ಜುವ ಸದ್ದು ಬಂದರೆ ಕಾಯಿಲ್ ಸೊಟ್ಟಗಾಗಿದೆ, ಅದಕ್ಕೆ ಮನೆಮದ್ದಿಲ್ಲ. ಕೋನಿನ ಕಾಗದ ಸ್ವಲ್ಪ ಹರಿದಿದ್ದರೆ ಟಿಶ್ಯೂ ಕಾಗದದ ಚೂರನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಎರಡೂ ಬದಿ ಅಂಟಿಸಿ, ಒಂದು ರಾತ್ರಿ ಒಣಗಲು ಬಿಡಿ. ವರ್ಷಗಟ್ಟಲೆ ಬರುತ್ತದೆ. ಹರಿದ ಕೋನಿನ ಒರಟು ದನಿಯನ್ನೇ ಬಯಸಿ, 1964ರಲ್ಲಿ ಲಂಡನ್ನಿನ 'ಕಿಂಕ್ಸ್' ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪ್‌ನ ಕೋನನ್ನು ಬ್ಲೇಡಿನಿಂದ ಸೀಳಿದ್ದರು. ರಾಕ್ ಸಂಗೀತ ಆ ದನಿಯನ್ನು ಇವತ್ತಿಗೂ ಬೆನ್ನಟ್ಟುತ್ತಿದೆ.

ಕೈಬಿಡಬೇಕಾದದ್ದು ಯಾವಾಗ? ಟ್ರಾನ್ಸ್‌ಫಾರ್ಮರ್ ಸುಟ್ಟು ವಾರ್ನಿಶ್ ವಾಸನೆ ಬರುತ್ತಿದ್ದರೆ, ಅಥವಾ ನಾನಾ ಆಂಪ್‌ಗಳ ದನಿ ಅನುಕರಿಸುವ ಡಿಜಿಟಲ್ ಮಾಡೆಲಿಂಗ್ ಆಂಪ್‌ನ ಪ್ರೊಸೆಸರ್ ಹೋಗಿದ್ದರೆ ಕಡಿಮೆ ಖರ್ಚಿನಲ್ಲಿ ಆಗದು. ಆಗಲೂ ಡಬ್ಬ, ಸ್ಪೀಕರ್ ಉಳಿದಿರುತ್ತವೆ. ಎಲ್‌ಎಂ1875ರ ಸಿದ್ಧ ಬೋರ್ಡ್ ಮತ್ತು 12-0-12 ಟ್ರಾನ್ಸ್‌ಫಾರ್ಮರ್ ಕೂರಿಸಿ, ಮುಂದೆ ಒಂದು ಪೆಡಲ್ (ಕಾಲಲ್ಲಿ ಒತ್ತುವ ಎಫೆಕ್ಟ್ ಡಬ್ಬಿ) ಹಾಕಿದರೆ ಅದೇ ಡಬ್ಬ ಮತ್ತೆ ನುಡಿಯುತ್ತದೆ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ರಿಪೇರಿಗೆ ಬಂದದ್ದನ್ನು ಬಿಚ್ಚಿ ಜೋಡಿಸುತ್ತಲೇ ಅವರು ಆಂಪ್ ಕಟ್ಟುವುದಕ್ಕೆ ಇಳಿದರು.

ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಸೀರೀಸ್ ಲ್ಯಾಂಪ್ ಮೂಲಕ ಚಾಲು ಮಾಡಿ, ನಾಲ್ಕನೇ ಕಾಲು ಸೊನ್ನೆ ತೋರಿಸಿದ ಮೇಲಷ್ಟೇ ಸ್ಪೀಕರ್ ಜೋಡಿಸಿ. ಬಲ್ಬು ಮಂಕಾಗಿದ್ದರೆ ಗಿಟಾರ್ ಚುಚ್ಚಿ ಸಣ್ಣ ದನಿಯಲ್ಲಿ ಹತ್ತು ನಿಮಿಷ ನುಡಿಸಿ, ಹೀಟ್ ಸಿಂಕ್ ಬೆರಳಿಟ್ಟು ತಡೆಯುವಷ್ಟೇ ಬಿಸಿಯಿದೆಯೇ ನೋಡಿ, ಆಮೇಲೆ ನೇರ ಗೋಡೆಗೆ. ಡಬ್ಬ ಮುಚ್ಚುವ ಮೊದಲು ಒಂದು ಚೀಟಿಯಲ್ಲಿ ದಿನಾಂಕ, ಬದಲಿಸಿದ ಭಾಗ, ಪ್ಲಸ್ ಮತ್ತು ಮೈನಸ್ ಸಪ್ಲೈ ಎಷ್ಟಿತ್ತು, ಐಸಿಯ ಪ್ರತಿ ಕಾಲಿನಲ್ಲಿ ಎಷ್ಟು ಬಂತು ಎಂದು ಬರೆದು ಮುಚ್ಚಳದ ಒಳಗೆ ಅಂಟಿಸಿ. ನನ್ನ ಆ ಹಳೆ ಆಂಪ್‌ನೊಳಗೆ ಈಗ ಅಂಥ ಮೂರು ಚೀಟಿಗಳಿವೆ.